ಮೇಟಿ ಕಿತ್ತ ಕಣ

ಎರೆ ಭೂಮಿಯಲ್ಲಿ ಕ್ರಿಕೆಟ್ ಆಡುತ್ತೇನೆನ್ನುವವನಿಗೆ ಒಂದೋ ಹುಚ್ಚಿರಬೇಕು, ಇಲ್ಲವೇ ಒಳ್ಳೆಯ ಕಣವಿರಬೇಕು. ಬಸರಿಕೊಪ್ಪದ ಹುಡುಗರಿಗೆ ದೇವರು ಎರಡನ್ನೂ ಕೊಟ್ಟಿದ್ದ. ನವಲಗುಂದದ ಕಡೆಯ ಈ ಕರಿಮಣ್ಣು ಮಳೆಗಾಲದಲ್ಲಿ ಕಾಲು ಹಿಡಿದರೆ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಾಯಿ ಬಿಟ್ಟರೆ ಮುಚ್ಚುವುದಿಲ್ಲ. ಚೆಂಡು ಬಿರುಕಿನೊಳಗೆ ಬಿತ್ತೆಂದರೆ ತೋಳು ಇಳಿಬಿಟ್ಟು ತಡಕಾಡಬೇಕು. ಚೇಳು ಸಿಕ್ಕರೂ ಸಿಕ್ಕೀತು, ಚೆಂಡು ಸಿಗುವುದಿಲ್ಲ. ಬಿರುಕಿಲ್ಲದ ನೆಲ ಊರಲ್ಲಿ ಒಂದೇ ಇತ್ತು, ಈರಬಸಪ್ಪನ ಮನೆಯ ಕಣ. ಉಳಿದವರು ವರ್ಷ ವರ್ಷ ಹೊಲದಲ್ಲಿ ಹೊಸ ಕಣ ಮಾಡಿಕೊಳ್ಳುತ್ತಿದ್ದರು. ಈರಬಸಪ್ಪನ ಮುತ್ತಜ್ಜ ಮಾತ್ರ ಊರ ಬಾಜುವಿಗೇ ಗರಸು ಮಣ್ಣು ಹಾಕಿಸಿ, ನೀರು ಹೊಡೆಸಿ, ಕಲ್ಲಿನ ಗುಂಡು ಉರುಳಿಸಿ ಕಾಯಂ ಕಣ ಮಾಡಿಟ್ಟಿದ್ದ. ನಾಲ್ಕು ತಲೆಮಾರಿನ ಎತ್ತುಗಳು ತುಳಿದೂ ತುಳಿದೂ ಅದು ಅಗದಿ ಗಟ್ಟಿಯಾಗಿತ್ತು.

ಆ ಕಣಕ್ಕೆ ಕ್ರಿಕೆಟ್ ತಂದವನು ಈರಬಸಪ್ಪನ ತಮ್ಮ ಶಂಭುಲಿಂಗಪ್ಪ. ಊರ ಸಾಲಿಯ ಮಾಸ್ತರ. ವಯಸ್ಸು ಇಪ್ಪತ್ತೊಂಬತ್ತಾದರೂ ಲಗ್ನದ ಮಾತೆತ್ತಿದರೆ ಎದ್ದು ಹೋಗುವ ಆಸಾಮಿ. ಎಂಬತ್ಮೂರರಲ್ಲಿ ನಮ್ಮವರು ಕಪ್ ಗೆದ್ದರೆಂದು ರೇಡಿಯೋ ಕೂಗಿದ್ದೇ ತಡ, ಇವನ ತಲೆಯೊಳಗೆ ಹುಳ ಹೊಕ್ಕಿತು. ಬಡಿಗೇರ ಹೊಳೆಪ್ಪನ ಕಾಲು ಹಿಡಿದು ಬ್ಯಾಟು ಕೆತ್ತಿಸಿದ. ಹುಡುಗರು ಹತ್ತಿ ಬಿಡಿಸಿದ ಕೂಲಿಯಲ್ಲಿ ಚೆಂಡು ತಂದರು. ಖಾಸಿಂಬಿಯ ಮಗ ಅಲ್ಲಾಭಕ್ಷ ಕವಣೆ ಬೀಸಿ ಜೋಳದ ಹಕ್ಕಿ ಕಾಯ್ದವನು. ಅವನು ಚೆಂಡು ಒಗೆದರೆ ಎದುರಿನವನು ಮೊದಲು ಕಣ್ಣು ಮುಚ್ಚುತ್ತಿದ್ದ, ಆಮೇಲೆ ಬ್ಯಾಟು ಎತ್ತುತ್ತಿದ್ದ. ರಾಶಿ ಎತ್ತಿ ಖಾಲಿಯಾದ ಕಣವನ್ನು ವಾರಕ್ಕೊಮ್ಮೆ ಸಗಣಿಯಿಂದ ಸಾರಿಸಿ ಬಿರುಕು ಬಿಡದಂತೆ ಕಾಯುತ್ತಿದ್ದವರು ಇಬ್ಬರು ಹೆಂಗಸರು. ಒಬ್ಬಳು ಖಾಸಿಂಬಿ, ಇನ್ನೊಬ್ಬಳು ಈರಬಸಪ್ಪನ ಹೆಂಡತಿ ಮಹಾದೇವಕ್ಕ.

ಕಣಕ್ಕೆ ತನ್ನದೇ ಕಟ್ಟಳೆ ಉಂಟು. ಚಪ್ಪಲಿ ಮೆಟ್ಟಿ ಯಾರೂ ಒಳಗೆ ಬರುವಂತಿಲ್ಲ. ಅಣ್ಣಿಗೇರಿಯಿಂದ ಆಡಲು ಬಂದ ಬಿಳಿ ಪ್ಯಾಂಟಿನ ಹುಡುಗರೂ ಬೇವಿನ ಗಿಡದ ಕೆಳಗೆ ಸಾಲಾಗಿ ಬೂಟು ಬಿಚ್ಚಿಟ್ಟು, ಬರಿಗಾಲಿಗೆ ಪ್ಯಾಡು ಕಟ್ಟಿ ಆಡಿ ಹೋಗಿದ್ದರು. ಸುಗ್ಗಿಯಲ್ಲಿ ನಡುಮಧ್ಯೆ ಹಾಲು ಬರುವ ಗಿಡದ ಕಂಬವನ್ನು ಮೇಟಿಯಾಗಿ ಹುಗಿದು, ಪೂಜೆ ಮಾಡಿ, ಅದಕ್ಕೆ ಎತ್ತು ಕಟ್ಟಿ ತೆನೆ ತುಳಿಸಬೇಕು. ಒಮ್ಮೆ ಹುಗಿದ ಮೇಟಿಯನ್ನು ರಾಶಿ ಎತ್ತಿ ಮನೆಗೆ ತರುವ ತನಕ ಅಲುಗಿಸಬಾರದು. ಅಲುಗಿದರೆ ಕಣದ ಲಕ್ಷ್ಮಿ ಎದ್ದು ಹೋಗುತ್ತಾಳೆ.

ಇದು ಗೊತ್ತಿದ್ದೂ ಮಹಾದೇವಕ್ಕ ಹೂಂ ಅಂದಳು. ಅಲ್ಲಿಂದಲೇ ಸುರುವಾಗಿದ್ದು ಎಲ್ಲ.

ಎಂಬತ್ತೈದರ ಹೋಳಿ ಹುಣ್ಣಿಮೆ ಮುಗಿದಿತ್ತು. ಕಣದ ಸುತ್ತ ಜೋಳದ ತೆನೆ ಒಟ್ಟಿತ್ತು, ಮೇಟಿ ಹುಗಿದಾಗಿತ್ತು, ಸೋಮವಾರ ಎತ್ತು ಹೂಡುವುದಿತ್ತು. ಇನ್ನೊಂದು ಜೋಡು ಎತ್ತು ಕೇಳಿ ಬರಲು ಈರಬಸಪ್ಪ ಕುಂದಗೋಳದ ಬೀಗರ ಮನೆಗೆ ಹೋಗಿದ್ದ. ಅಂಥ ಹೊತ್ತಲ್ಲಿ ಶನಿವಾರ ಸಂಜೆ ಶಂಭುಲಿಂಗ ಒಂದು ಕಾರ್ಡು ಹಿಡಿದುಕೊಂಡು ಒಲೆಯ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ.

“ವೈನಿ, ತಾಲೂಕಿನ ಕ್ರೀಡಾ ಸಮಿತಿಯವರು ನಾಳೆ ಬರ್ತಾರಂತ. ಮ್ಯಾಚ್ ನೋಡಿ, ನೆಲಾ ನೋಡಿ, ಮನಸಿಗೆ ಬಂದ್ರ ನಮ್ಮ ಊರಿಗೆ ಮ್ಯಾಟು, ಸಾಮಾನು ಎಲ್ಲಾ ಕೊಡ್ತಾರ.”

“ಬರ್ಲಿ ಬಿಡು. ಚಾ ಮಾಡಿದ್ರಾತು.”

“ಚಾ ಅಲ್ಲ ವೈನಿ. ನಡಬರಕ ಮೇಟಿ ನಿಂತೈತಿ. ಚೆಂಡ ಬೀಳೂದ ಅಲ್ಲಿ.”

ಮಹಾದೇವಕ್ಕ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಈ ಮನೆಗೆ ಅವಳು ಸೊಸೆಯಾಗಿ ಬಂದಾಗ ಇವನಿಗೆ ನಾಲ್ಕು ವರ್ಷ. ಮೂಗು ಒರೆಸಿದ್ದು, ಅಂಗಿ ಗುಂಡಿ ಹಾಕಿದ್ದು, ಪಾಟಿ ಕೊಟ್ಟು ಸಾಲಿಗೆ ಅಟ್ಟಿದ್ದು ಎಲ್ಲ ಇವಳೇ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಲಗ್ನವಾಗಿ ಹೋದ ಮೇಲೆ ಎದುರಿಗೆ ಉಳಿದ ಕೂಸೆಂದರೆ ಇದೊಂದೇ. ಎರಡು ವರ್ಷದಿಂದ ಊರಿನ ಹುಡುಗರನ್ನು ಇಸ್ಪೀಟಿನಿಂದ ಎಬ್ಬಿಸಿ ತಂದು ಬಿಸಿಲಲ್ಲಿ ಕರ್ರಗಾಗಿದ್ದ. ಅವನ ಮಾರಿ ನೋಡಿದಳು.

“ಯವ್ವನ್ನ ಕೇಳಿದೇನು?”

“ಕೇಳಿದ್ರ ಬ್ಯಾಡ ಅಂತಾಳ.”

“ಹಂಗಾರ ಕೇಳಬ್ಯಾಡ. ನಸಿಕಿನ್ಯಾಗ ಕಿತ್ತ ಬಿಡ್ರಿ. ಆಟ ಮುಗಿದ ಕೂಡ್ಲೆ ಮತ್ತ ಹುಗೀರಿ. ನಿಮ್ಮಣ್ಣ ಸಂಜೀ ಬಸ್ಸಿಗೆ ಬರೂದ್ರಾಗ ಮೊದಲಿದ್ದಂಗ ಇರ್ಲಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

ಮುಂಜಾನೆ ನಸುಕಿನಲ್ಲೇ ಕಂದೀಲು ಹಿಡಿದು ತಾನೇ ಹೋದಳು. ಪಡಸಾಲೆಯಲ್ಲಿ ಅತ್ತೆ ಅನ್ನವ್ವ ಕೌದಿ ಹೊದ್ದು ಮಲಗಿದ್ದಳು, ಕೌದಿ ಅಲುಗಲಿಲ್ಲ. ಶಂಭುಲಿಂಗ, ಅಲ್ಲಾಭಕ್ಷ ಇಬ್ಬರೂ ಮೇಟಿ ಕಿತ್ತರು. ಖಾಸಿಂಬಿ ಗುಂಡಿಗೆ ಮಣ್ಣು ತುಂಬಿ ಕುಟ್ಟಿದಳು, ಮಹಾದೇವಕ್ಕ ಮೇಲೆ ಸಾರಿಸಿದಳು. ಕಿತ್ತ ಮೇಟಿಗೆ ಕೈ ಮುಗಿದು, ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿದರು.

ಮ್ಯಾಚು ಗೆದ್ದರು. ಸಮಿತಿಯವರು ಸಹ ಬೂಟು ಬಿಚ್ಚಿ ಒಳಗೆ ಬಂದು, ನೆಲ ಮುಟ್ಟಿ ನೋಡಿ, “ಇಂಥಾದ್ದು ತಾಲೂಕಿನ್ಯಾಗ ಇಲ್ರಿ ಮಾಸ್ತರ” ಅಂದರು. ಹುಡುಗರು ಅಲ್ಲಾಭಕ್ಷನನ್ನು ಹೆಗಲ ಮೇಲೆ ಹೊತ್ತು ಹಲಗೆ ಬಡಿದುಕೊಂಡು ಊರು ಸುತ್ತಲು ಹೋದರು. ಮೇಟಿಯ ನೆನಪು ಯಾರಿಗಿದೆ? ಮಹಾದೇವಕ್ಕ ನಾಲ್ಕು ಸಲ ಹೇಳಿ ಕಳಿಸಿದಳು. ಐದನೆಯ ಸಲ ಹೇಳುವುದರೊಳಗೆ ಪಡುವಣ ಕಪ್ಪಾಗಿ, ಗಾಳಿ ಎದ್ದು, ಆಣೆಕಲ್ಲು ಬಿದ್ದವು. ಕಾಲವಲ್ಲದ ಕಾಲದ ಮಳೆ, ಒಂದೇ ಸವನೆ ಸುರಿಯಿತು. ಈರಬಸಪ್ಪ ಬಸ್ಸಿಳಿದವನು ಮನೆಗೂ ಬರದೆ ತೆನೆ ಮುಚ್ಚಲು ಕಣಕ್ಕೆ ಓಡಿದ. ಅಲ್ಲಿ ನೋಡಿದರೆ ಮೇಟಿ ಇಲ್ಲ.

ತೊಯ್ದು ತಪ್ಪಡಿಯಾಗಿ ಮನೆಗೆ ಬಂದು ಪಡಸಾಲೆಯಲ್ಲಿ ನಿಂತ.

“ಮೇಟಿ ಯಾರು ಕಿತ್ತಾರ?”

ಶಂಭುಲಿಂಗ ಕೂತಲ್ಲಿಂದ ಎದ್ದ.

“ಯಾರು ಕಿತ್ತೀರಿ ಅಂತ ಕೇಳಾಕತ್ತೇನಿ! ಯಾರನ್ನ ಕೇಳಿ ಕಿತ್ತೀರಿ?”

ಮಹಾದೇವಕ್ಕನ ಬಾಯಿ ತೆರೆಯಿತು. ಹನ್ನೆರಡು ವರ್ಷದ ಹಿಂದೆ, ಕೇಳದೆ ತವರಿಗೆ ಒಂದು ಚೀಲ ಕಡಲೆ ಕಳಿಸಿದಳೆಂಬ ಒಂದೇ ಮಾತಿಗೆ ಇದೇ ಗಂಡ ಅವಳನ್ನು ಎಂಟು ತಿಂಗಳು ತವರಲ್ಲಿ ಕೂಡ್ರಿಸಿದ್ದ. ಮಗಳು ಇಲ್ಲಿ, ತಾಯಿ ಅಲ್ಲಿ. ಅದು ನೆನಪಾಗಿ ತೆರೆದ ಬಾಯಿಯೊಳಗೆ ನಾಲಿಗೆ ಒಣಗಿತು.

“ನಾನ ಕಿತ್ತೇನಿ,” ಅಂದ ಶಂಭುಲಿಂಗ. “ಯಾರನ್ನೂ ಕೇಳಲಿಲ್ಲ.” ಅಂದವನು ವೈನಿಯ ಕಡೆ ಒಮ್ಮೆ ನೋಡಿದ.

ಮಹಾದೇವಕ್ಕ ಬಾಯಿ ಮುಚ್ಚಿಕೊಂಡಳು.

ಮಳೆ ನಾಲ್ಕು ದಿನ ಹಿಡಿಯಿತು. ತೆನೆ ನೆಂದು, ಕಾಳು ಕಪ್ಪಿಟ್ಟಿತು. ಊರಲ್ಲಿ ಎಲ್ಲರ ಜೋಳವೂ ತೊಯ್ದಿತ್ತು, ಅದು ಬೇರೆ ಮಾತು. ಆದರೆ ಉಳಿದವರ ಮನೆಯಲ್ಲಿ ಮಳೆಗೆ ಬೈದರು, ಈ ಮನೆಯಲ್ಲಿ ಬೈಯಲು ಒಬ್ಬ ಮನುಷ್ಯ ಸಿಕ್ಕಿದ್ದ.

ಊಟಕ್ಕೆ ಕೂತರೆ ಸಾಕು, ಸುರುವಾಗುತ್ತಿತ್ತು. ರೊಟ್ಟಿ ಕರ್ರಗೆ ಬರುತ್ತಿತ್ತು, ಮುಗ್ಗು ನಾರುತ್ತಿತ್ತು, ಮುರಿದರೆ ಪುಡಿಪುಡಿ. ಈರಬಸಪ್ಪ ತುಂಡು ಎತ್ತಿ ತಮ್ಮನ ಮುಂದೆ ಹಿಡಿಯುತ್ತಿದ್ದ.

“ನೋಡೋ ಮಾಸ್ತರ, ನಿನ್ನ ಮ್ಯಾಚಿನ ರೊಟ್ಟಿ. ತಿನ್ನು. ಹೊಟ್ಟಿ ತುಂಬ ತಿನ್ನು.”

“ತಿನ್ನಾಕತ್ತೇನಿ ಅಣ್ಣಾ.”

“ಮುತ್ತಜ್ಜನ ಕಾಲದಿಂದ ಯಾವ ಮಗಾನೂ ಮೇಟಿ ಮುಟ್ಟಿದ್ದಿಲ್ಲ. ಸಾಲಿ ಕಲಿಸಿದ್ದಕ್ಕ ನೀ ಮುಟ್ಟಿದಿ.”

“ತಪ್ಪಾಗೈತಿ ಅಂದ್ನೆಲ್ಲ.”

“ತಪ್ಪ ಅಂದ್ರ ಕಾಳ ಬೆಳ್ಳಗ ಆಗ್ತಾವೇನಲೇ?”

ಮಹಾದೇವಕ್ಕ ಚಟ್ನಿ ಬಡಿಸುವ ನೆವ ಮಾಡಿ ಮುಂದೆ ಬರುತ್ತಿದ್ದಳು. “ಏನ್ರಿ, ಒಂದ ಮಾತ...” ಎನ್ನುವಷ್ಟರಲ್ಲಿ ಮೂಲೆಯಿಂದ ಅನ್ನವ್ವ, “ಮಹಾದೇವಿ, ಸಾರ ಉಕ್ಕಾಕತ್ತೈತಿ ನೋಡು” ಅನ್ನುತ್ತಿದ್ದಳು. ಹೋಗಿ ನೋಡಿದರೆ ಸಾರು ತಣ್ಣಗೆ ಕೂತಿರುತ್ತಿತ್ತು. ಮತ್ತೊಂದು ದಿನ ಬಾಯಿ ತೆರೆದರೆ, “ಎಮ್ಮಿ ಒದರಾಕತ್ತೈತಿ, ನೀರ ಇಡು ಹೋಗು.” ಮುದುಕಿಗೆ ಕಿವಿ ಮಂದವಾಯಿತೋ, ಅರಳು ಮರಳೋ ಎಂದುಕೊಂಡಳು ಮಹಾದೇವಕ್ಕ. ಆದರೆ ಸುಳ್ಳೇಕೆ, ಹೇಳದೆ ಉಳಿದಿದ್ದಕ್ಕೆ ಪ್ರತಿ ಸಲವೂ ಎದೆಯಲ್ಲಿ ಒಂದಿಷ್ಟು ತಂಪೂ ಆಗುತ್ತಿತ್ತು. ಆ ತಂಪಿಗೇ ಅವಳಿಗೆ ತನ್ನ ಮೇಲೆ ಅಸಹ್ಯ.

ಯುಗಾದಿಯ ದಿನ ಈರಬಸಪ್ಪ ಖಡಾಖಡಿ ಹೇಳಿದ. “ಇವತ್ತಿನಿಂದ ಇವ ನನ್ನ ಪಂಗ್ತಿಯಾಗ ಕುಂದ್ರಬಾರದು.”

ಬೇವು ಬೆಲ್ಲದ ಬಟ್ಟಲನ್ನು ಮಹಾದೇವಕ್ಕ ಹೊರಗಿನ ಕಟ್ಟೆಗೆ ಒಯ್ದು ಕೊಟ್ಟಳು. ಮರುದಿನದಿಂದ ಊಟದ ಗಂಗಾಳವನ್ನೂ.

“ಶಂಭೂ, ಇವತ್ತ ಹೇಳಿಬಿಡ್ತೀನಪಾ. ನನ್ನ ಕಡೆ ಆಗವಲ್ದು.”

“ಸುಮ್ನಿರು ವೈನಿ. ಅಣ್ಣ ನನಗ ಬೈತಾನ, ಅಷ್ಟ. ನಿನಗಾದ್ರ ಬೈದು ಬಿಡೂದಿಲ್ಲ. ಆ ಎಂಟ ತಿಂಗಳು ನಾನೂ ಉಪಾಸ ಬಿದ್ದಾವ, ಮರ್ತಿಯೇನು? ಆಗ ನನಗ ಹದಿನೇಳ ವರ್ಷ. ಒಂದ ಮಾತ ಆಡಾಕ ಧೈರ್ಯ ಇದ್ದಿದ್ದಿಲ್ಲ.”

ಅವನು ಕರಿ ರೊಟ್ಟಿಗೆ ಖಾರ ಹಚ್ಚಿಕೊಂಡು ತಿಂದ. ಇವಳು ಕಂಬಕ್ಕೆ ಆತು ನಿಂತು ನೋಡಿದಳು. ಅತ್ತರೆ ಒಳಗೆ ಕೇಳೀತೆಂದು ಸೆರಗು ಕಚ್ಚಿಕೊಂಡಳು.

ಖಾಸಿಂಬಿಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. ಕಣ ಸಾರಿಸುವಾಗ ಸಗಣಿಯ ಬುಟ್ಟಿ ಕುಕ್ಕಿ ಕೇಳಿಯೇಬಿಟ್ಟಳು. “ಅಕ್ಕಾ, ಮಾಸ್ತರು ವರ್ಗಾ ಮಾಡ್ರಿ ಅಂತ ಅರ್ಜಿ ಕೊಟ್ಟಾರಂತ. ಖರೇನಾ?”

“ಯಾರಂದ್ರು?”

“ನಮ್ಮ ಅಲ್ಲಾಭಕ್ಷ ಅಳ್ಕೋತ ಬಂದಿದ್ದ. ಕಲಘಟಗಿ ಕಡೆ ತಂಬೂರ ಅನ್ನೂ ಊರಂತ. ಅವರು ಹೋದ್ರ ಈ ಹುಡುಗೂರು ಮತ್ತ ಇಸ್ಪೀಟಿಗೆ ಕುಂದರ್ತಾವ. ಯಕ್ಕಾ, ಮೇಟಿ ಕಿತ್ತಾಗ ಕಂದೀಲ ಹಿಡ್ಕೊಂಡ ನಿಂತಾಕಿ ನೀನು, ಮಣ್ಣ ತುಂಬಿದಾಕಿ ನಾನು. ನನಗ ಕೇಳಿದ್ರ ನಾ ಹೇಳಾಕಿನ. ಆದ್ರ ನನ್ನ ಯಾರೂ ಕೇಳಂಗಿಲ್ಲಲ್ಲ.”

ಮಹಾದೇವಕ್ಕ ಸಾರಿಸುತ್ತಲೇ ಇದ್ದಳು. ಸಾರಿಸಿದ ಜಾಗವನ್ನೇ ಮೂರು ಸಲ ಸಾರಿಸಿದಳು.

ಮೇ ತಿಂಗಳಲ್ಲಿ ಎರಡು ಕಾಗದ ಒಟ್ಟಿಗೇ ಬಂದವು. ಒಂದು ವರ್ಗದ ಆರ್ಡರು: ಜೂನ್ ಒಂದಕ್ಕೆ ತಂಬೂರಿನಲ್ಲಿ ಹಾಜರಾಗಬೇಕು. ಇನ್ನೊಂದು ಕ್ರೀಡಾ ಸಮಿತಿಯದು: ಹಳ್ಳಿಯಲ್ಲಿ ಕ್ರಿಕೆಟ್ ಬೆಳೆಸಿದ ಬಸರಿಕೊಪ್ಪದವರಿಗೆ ಬರುವ ರವಿವಾರ ಅದೇ ಕಣದಲ್ಲಿ ಸತ್ಕಾರ, ಮಾಸ್ತರರಿಗೂ, ನೆಲ ಕೊಟ್ಟ ಮನೆಯ ಹಿರಿಯರಿಗೂ ಶಾಲು ಹೊದಿಸುತ್ತೇವೆ, ಹಿರಿಯರು ತಪ್ಪದೆ ವೇದಿಕೆಗೆ ಬರಬೇಕು. ಊರವರು ಇದನ್ನು ಓದಿ ಹಿಗ್ಗಿದರು. ಈರಬಸಪ್ಪನಿಗೆ ಯಾರೋ ಓದಿ ಹೇಳಿದಾಗ ಗಾಯಕ್ಕೆ ಉಪ್ಪು ಸವರಿದಂತಾಯಿತು.

“ನನ್ನ ಕಾಳ ಕರ್ರಗ ಮಾಡಿದ್ದಕ್ಕ ಶಾಲು! ನನಗೂ ಒಂದು! ಆತು, ನಾನೂ ಸತ್ಕಾರ ಮಾಡ್ತೀನಿ. ಶನಿವಾರ ಕಣಕ್ಕ ರಂಟಿ ಹೂಡ್ತೀನಿ. ಹೊಲಾನ ಆಗಿ ಹೋಗ್ಲಿ ಅದು.”

“ಕಣ ಉಳಬಾರದೋ ಈರಣ್ಣಾ,” ಅಂದಳು ಅನ್ನವ್ವ.

“ಮೇಟಿ ಕೀಳಬಹುದು, ನಾ ಉಳಬಾರದಾ?”

ಶಂಭುಲಿಂಗ ಕಟ್ಟೆಯ ಮೇಲಿಂದ ಎಲ್ಲ ಕೇಳಿಸಿಕೊಂಡ. ಊಟ ಬಿಟ್ಟು ಎದ್ದು ಹೋದ.

ಶುಕ್ರವಾರ ರೋಹಿಣಿ ಮಳೆ ಒಂದು ಹದ ಬಿತ್ತು. ಶನಿವಾರ ಮುಂಜಾನೆ ಈರಬಸಪ್ಪ ಖರೇನೇ ಎತ್ತು ಹೊಡೆದುಕೊಂಡು ಹೊರಟ. ಬರೀ ಹೆದರಿಕೆಯ ಮಾತು ಅಂದುಕೊಂಡಿದ್ದ ಮಹಾದೇವಕ್ಕ ರಂಟೆಯ ಸದ್ದು ಕೇಳಿದ್ದೇ ತಟ್ಟಿದ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿದಳು. ಹೋಗುವಷ್ಟರಲ್ಲಿ ಒಂದು ಸಾಲು ಬಿದ್ದಿತ್ತು. ಬೇವಿನ ಗಿಡದಿಂದ ಮೇಟಿಯ ಜಾಗದ ತನಕ, ನಾಲ್ಕು ತಲೆಮಾರು ತುಳಿದ ನೆಲ ಹೊಟ್ಟೆ ಸೀಳಿಕೊಂಡು ಬಿದ್ದಿತ್ತು. ಆಚೆ ಬದುವಿನಲ್ಲಿ ಹುಡುಗರು ಗುಂಪಾಗಿ ನಿಂತಿದ್ದರು. ಅಲ್ಲಾಭಕ್ಷ ತಲೆಯ ಮೇಲೆ ಕೈ ಹೊತ್ತಿದ್ದ. ಅನ್ನವ್ವನೂ ಕೋಲೂರಿಕೊಂಡು ಹಿಂದೆಯೇ ಬರುತ್ತಿದ್ದಳು.

ಮಹಾದೇವಕ್ಕ ಎತ್ತಿನ ಮುಂದೆ ಹೋಗಿ ನಿಂತಳು.

“ಬಾಜೂಕ ಸರಿ,” ಅಂದ ಈರಬಸಪ್ಪ.

“ಮೇಟಿ ಕೀಳು ಅಂದಾಕಿ ನಾನು.”

“ಏನಂದಿ?”

“ನಾನ್ರಿ. ಅಂವ ಕೇಳಾಕ ಬಂದಿದ್ದ. ಕೀಳ್ರಿ, ಸಂಜಿಕೆ ಹುಗೀರಿ ಅಂತ ನಾನ ಅಂದೆ. ಕಂದೀಲ ಹಿಡ್ಕೊಂಡ ಇಲ್ಲೇ ನಿಂತಿದ್ದೆ. ಗುಂಡಿ ಮ್ಯಾಲ ಹೆಂಡಿ ಸಾರಿಸಿದ್ದೂ ಈ ಕೈನ. ಬೈಯೂದಿದ್ರ ನನ್ನ ಬೈರಿ, ಕಳಸೂದಿದ್ರ ನನ್ನ ಕಳಸ್ರಿ. ಕಣ ಉಳಬ್ಯಾಡ್ರಿ. ಅವನ್ನ ಕಳಸಬ್ಯಾಡ್ರಿ.”

ಈರಬಸಪ್ಪ ಕೈಯಲ್ಲಿದ್ದ ಮಿಣಿ ಹಗ್ಗ ಬಿಟ್ಟ. ಎತ್ತುಗಳು ನಿಂತಲ್ಲೇ ಮೂತಿ ಕೊಡವಿದವು. ಹೊಡೆಯುತ್ತಾನೆಂದು ಹುಡುಗರು ಎರಡು ಹೆಜ್ಜೆ ಮುಂದೆ ಬಂದರು. ಅವನು ಹೊಡೆಯಲಿಲ್ಲ, ಒದರಲಿಲ್ಲ. ಅಗದಿ ಸಣ್ಣ ದನಿಯಲ್ಲಿ ಹೇಳಿದ.

“ಮೇಟಿ ಕಿತ್ತದ್ದು ಬಿಡು. ಎರಡೂವರಿ ತಿಂಗಳಾತು, ನೀ ಬಡಿಸಿದ ರೊಟ್ಟಿ ತಿಂದು ನನ್ನ ತಮ್ಮಗ ಬೈದೆ. ನೀ ಬಡಸ್ಕೋತ ನಿಂತಿದ್ದಿ.”

ಎತ್ತಿನ ಕೊರಳು ಬಿಚ್ಚಿ, ರಂಟೆಯನ್ನು ಸಾಲಿನಲ್ಲೇ ಬಿಟ್ಟು, ಹೊಲದ ಕಡೆ ನಡೆದ. ಎಂಟು ತಿಂಗಳು ತವರಿಗೆ ಕಳಿಸಿದಾಗಲೂ ಮಹಾದೇವಕ್ಕನಿಗೆ ಇಷ್ಟು ಸಂಕಟವಾಗಿರಲಿಲ್ಲ. ಅವಳು ಸಾಲಿನ ಪಕ್ಕದಲ್ಲೇ ಕುಸಿದು ಕೂತಳು.

ಖಾಸಿಂಬಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. “ಅಳೂದ ನಾಳೆ ಅಳುವಂತಿ. ಏಳು, ಸಾಲ ಮುಚ್ಚೂಣು.”

ಹುಡುಗರು ಗರಸು ಹೊತ್ತು ತಂದರು. ಹೊಳೆಪ್ಪ ಮರದ ಹಲಗೆ ತಂದು ನೆಲ ಕುಟ್ಟಿದ. ಎಂದೂ ಕ್ರಿಕೆಟ್ಟಿನ ಹೆಸರೆತ್ತದ ಹೆಂಗಸರು ಕೊಡ ಕೊಡ ನೀರು ಸುರಿದರು, ಬುಟ್ಟಿಗಟ್ಟಲೆ ಸಗಣಿ ತಂದರು. ಇಳಿಹೊತ್ತಿಗೆ ಸಾಲು ಮುಚ್ಚಿತು. ಸುದ್ದಿ ಕೇಳಿ ಬಂದ ಶಂಭುಲಿಂಗ ಕಲ್ಲಿನ ಗುಂಡಿಗೆ ತಾನೇ ಹೆಗಲು ಕೊಟ್ಟು ಎಳೆದ.

“ಇನ್ನ ಹೋಗಬ್ಯಾಡೋ ಶಂಭೂ,” ಅಂದಳು ಮಹಾದೇವಕ್ಕ. “ಹೇಳೀನಿ. ಎಲ್ಲಾ ಹೇಳೀನಿ.”

ಅವನು ಹಗ್ಗ ಕೆಳಗಿಟ್ಟು ಅಂಗೈ ಒರೆಸಿಕೊಂಡ. “ಆರ್ಡರ ಬಂದೈತಿ ವೈನಿ. ಸರ್ಕಾರಕ್ಕ ನಿನ್ನ ಮೇಟಿ ಕತಿ ಗೊತ್ತಿಲ್ಲ.” ನಗಿಸಲು ಅಂದ ಮಾತು, ಯಾರೂ ನಗಲಿಲ್ಲ. “ಯುಗಾದಿಗಿಂತ ಮೊದಲ ಹೇಳಿದ್ರ ಅರ್ಜಿ ಕೊಡ್ತಿದ್ದಿಲ್ಲೇನೋ. ಅದ್ರಾಗ ನಂದೂ ತಪ್ಪೈತಿ. ಸುಮ್ನಿರು ಅಂದಾವ ನಾನ.”

ಆ ದಿನ ಈರಬಸಪ್ಪ ಹೆಂಡತಿಯ ಕೈಯ ರೊಟ್ಟಿ ಮುಟ್ಟಲಿಲ್ಲ. ತಾನೇ ಗಡಿಗೆಯಿಂದ ಮಜ್ಜಿಗೆ ಬಗ್ಗಿಸಿಕೊಂಡು ಕುಡಿದು ಮಲಗಿದ.

ರವಿವಾರ ಕಣದ ಅಂಚಿಗೆ ಚಪ್ಪರ ಎದ್ದಿತು. ಬೇವಿನ ಕೆಳಗೆ ಇಡೀ ತಾಲೂಕಿನ ಚಪ್ಪಲಿ ಬೂಟು ಸಾಲುಗಟ್ಟಿದವು. ಸಮಿತಿಯ ಅಧ್ಯಕ್ಷರು ಭಾಷಣ ಮಾಡಿ, ಶಹರದವರು ಮಾಡಲಾಗದ್ದನ್ನು ಬಸರಿಕೊಪ್ಪ ಮಾಡಿದೆ ಎಂದರು. ಅಲ್ಲಾಭಕ್ಷನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಶಂಭುಲಿಂಗನಿಗೆ ಶಾಲು ಹೊದಿಸಿ ಹಾರ ಹಾಕಿದರು. ಅವನ ಟ್ರಂಕು ಆಗಲೇ ಬಸ್‌ಸ್ಟ್ಯಾಂಡಿನ ಚಾದಂಗಡಿ ಸೇರಿತ್ತು. ದೂರದಲ್ಲಿ, ಕಣದ ಹೊರಗೆ, ಈರಬಸಪ್ಪ ಚಪ್ಪಲಿ ಕಾಲಲ್ಲೇ ಕೈ ಕಟ್ಟಿ ನಿಂತಿದ್ದ. ಕರೆಯಲು ಹೋದವರಿಗೆ ಅಲ್ಲಿಂದಲೇ ಕೈ ಆಡಿಸಿದ.

“ಈಗ ನೆಲ ಕೊಟ್ಟ ಮನಿಯ ಹಿರ್ಯಾರು ಮ್ಯಾಲ ಬರಬೇಕ್ರಿ!”

ಹೆಂಗಸರ ನಡುವೆ ಕೂತಿದ್ದ ಮಹಾದೇವಕ್ಕ ಅತ್ತೆಯ ಕಡೆ ತಿರುಗಿದಳು. “ಯವ್ವಾ, ಅವರು ಬರೂದಿಲ್ಲ. ನೀವರ ಹೋಗ್ರಿ.”

ಅನ್ನವ್ವ ಏಳಲಿಲ್ಲ. ಸೊಸೆಯ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

“ಅವತ್ತ ನಸಿಕಿನ್ಯಾಗ ನೀ ಕಂದೀಲ ತಗೊಂಡ ಹ್ವಾದಾಗ ನಾ ಎಚ್ಚರಿದ್ದೆ. ಕೌದಿ ಒಳಗಿಂದ ನೋಡಿದೆ.”

ಮಹಾದೇವಕ್ಕನಿಗೆ ಸಾರು ನೆನಪಾಯಿತು. ಎಮ್ಮೆ ನೆನಪಾಯಿತು.

“ಮತ್ತ ಯಾಕ ಹೇಳಲಿಲ್ರಿ ಯವ್ವಾ? ನಾ ಹೇಳಾಕ ಬಂದ್ರೂ ಯಾಕ ಬಿಡಲಿಲ್ರಿ?”

“ನೀ ಹೇಳಿದ್ರ ಅಂವ ನಿನ್ನ ಕಳಸ್ತಿದ್ದ. ಆ ಎಂಟ ತಿಂಗಳು ಈ ಮನಿ ಹೆಂಗಿತ್ತು ನಾ ನೋಡೀನಿ. ನನ್ನ ಕೈಲೆ ಇನ್ನ ಒಲಿ ಹಚ್ಚೂದಾಗೂದಿಲ್ಲ. ಮಗ ಎಲ್ಲಿ ಹ್ವಾದ್ರೂ ಉಣ್ತಾನ. ನೀ ಹ್ವಾದ್ರ ಈ ಮನಿ ಉಣ್ಣೂದಿಲ್ಲ.” ಮುದುಕಿಯ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. “ಸಣ್ಣ ಮಗನ್ನ ಕೊಟ್ಟು ನಿನ್ನ ಇಟಗೊಂಡೀನಿ. ಮನಿ ಹಿರ್ಯಾಕಿ ನೀನ. ಏಳು, ಹೋಗು.”

“ಬರ್ರಿ ಬರ್ರಿ, ಹಿರ್ಯಾರು ಬರ್ರಿ!” ಎಂದು ಮತ್ತೆ ಕೂಗಿದರು.

ಅನ್ನವ್ವ ಬೆನ್ನಿಗೆ ಕೈ ಇಟ್ಟು ನೂಕಿದಳು. ಮಹಾದೇವಕ್ಕ ಬರಿಗಾಲಲ್ಲಿ, ನಿನ್ನೆ ಮುಚ್ಚಿದ ಸಾಲನ್ನು ದಾಟಿಕೊಂಡು ವೇದಿಕೆಗೆ ಹೋದಳು. ಅಲ್ಲಿ ಮಣ್ಣು ಇನ್ನೂ ಮೆತ್ತಗಿತ್ತು, ಹೆಜ್ಜೆ ಮೂಡಿತು. ಶಾಲು ಹೊದಿಸಿದರು. ಊರು ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ, ಎದ್ದು ನಿಂತು ಹೊಡೆದವನು ಶಂಭುಲಿಂಗ. ಬಸ್ಸು ಹಾರ್ನ್ ಹಾಕುವ ತನಕ ಹೊಡೆಯುತ್ತಲೇ ಇದ್ದ.